ಹಂಪಿಗೆ ಇತಿಹಾಸ ಐತಿ, ಕಂಪ್ಲಿಗೆ ಏನೈತಿ ಟೀಚರ್?

ಹೊಳೆದಂಡೆ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿ ಸಿಟಿಯಲ್ಲಿ ಹುಟ್ಟಿ ಬೆಳೆದವಳು. ಈ ಜೂನ್‌ನಿಂದ ತುಂಗಭದ್ರಾ ಹೊಳೆಯ ದಂಡೆಯಲ್ಲಿರುವ ಕಂಪ್ಲಿಯಲ್ಲಿ ಐದನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೇನೆ. ಕಳೆದ ವಾರ ಮಕ್ಕಳಿಗೆ ‘ನಮ್ಮ ಊರು’ ಅಂತ ಹತ್ತು ಸಾಲು ಬರೆಯೋಕೆ ಹೇಳಿದೆ. ಮುಕ್ಕಾಲು ಪಾಲು ಮಕ್ಕಳು ಬರೆದದ್ದು ಒಂದೇ. “ನಮ್ಮ ಊರಿಗೆ ಹೊಳಿ ಬರುತ್ತದೆ. ಸೇತುವೆ ಮುಳುಗುತ್ತದೆ. ಟಿವಿಯವರು ಬರುತ್ತಾರೆ.” ಆಮೇಲೆ ಉಳಿದ ಸಾಲು ತುಂಬಿಸಲು ಬಸ್‌ಸ್ಟ್ಯಾಂಡು, ಸಂತೆ, ಆಸ್ಪತ್ರೆ.

ನೋಟ್‌ಬುಕ್ ವಾಪಸ್ ಕೊಡುವಾಗ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತ. “ಟೀಚರ್, ಹಂಪಿಗೆ ಇತಿಹಾಸ ಐತಿ. ಕಂಪ್ಲಿಗೆ ಏನೈತಿ?” ಅಂದ. ತುಂಟತನಕ್ಕೆ ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕು ಅಂತಲೇ ಕೇಳಿದ. ಕುಮಾರರಾಮನ ಹೆಸರು ಬಿಟ್ಟರೆ ನನಗೆ ಏನೂ ಬಾಯಿಗೆ ಬರಲಿಲ್ಲ. “ಸೋಮವಾರ ಹೇಳ್ತೀನಿ ಕೂತ್ಕೋ” ಅಂದೆ. ಆ ಸೋಮವಾರ ಹೋಯಿತು. ಅವನು ದಿನಾ ನನ್ನ ಮುಖ ನೋಡುತ್ತಾನೆ.

ಊರಿನವರು, ಊರು ಬಿಟ್ಟು ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ರಾಜರ ಹೆಸರಿನ ಪಟ್ಟಿ ಬೇಡ. ಮಕ್ಕಳನ್ನು ಕೈ ಹಿಡಿದು ಕರೆದುಕೊಂಡು ಹೋಗಿ “ನೋಡು, ಇದು” ಅಂತ ತೋರಿಸುವಂಥದ್ದು ಏನಾದರೂ ಇದೆಯಾ?

ಬಾಳೆತೋಟ ಬರೆದದ್ದು:

ಟೀಚರ್, ಮೊದಲು ಆ ಹುಡುಗನಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಇದೇ ಪ್ರಶ್ನೆ ಅವನ ವಯಸ್ಸಿನಲ್ಲಿ ನನಗೆ ಬಂದಿದ್ದರೆ ಊರಿನ ಹಳಬರ ಮಾತು ಎಷ್ಟೋ ಬರೆದಿಟ್ಟುಕೊಂಡಿರುತ್ತಿದ್ದೆ. ಅವರಲ್ಲಿ ಈಗ ಜಾಸ್ತಿ ಜನ ಇಲ್ಲ.

ಅವನಿಗೆ ಹೇಳಿ, ವಿಜಯನಗರ ಕಟ್ಟುವುದಕ್ಕೆ ಹತ್ತಿರ ಹತ್ತಿರ 300 ವರ್ಷ ಮೊದಲೇ ಕಂಪ್ಲಿ ದೊಡ್ಡ ಊರು. 11ನೇ ಶತಮಾನದ ಚೋಳರ ಶಾಸನಗಳಲ್ಲಿ ‘ಕಂಪಿಲಿ’ ಅಂತ ಹೆಸರಿದೆ. ಇಲ್ಲಿ ಚಾಲುಕ್ಯರ ಅರಮನೆ ಇತ್ತು. ಚೋಳರ ರಾಜಾಧಿರಾಜ ಬಂದು ಅದನ್ನು ಕೆಡವಿದ. ಅವನಾದ ಮೇಲೆ ವೀರರಾಜೇಂದ್ರ ಬಂದು ಊರಿಗೇ ಬೆಂಕಿ ಇಟ್ಟ. ಇಟ್ಟು, ಈಗ ರಾಯಚೂರು ಜಿಲ್ಲೆಯಲ್ಲಿರುವ ಕರಡಿಕಲ್ಲಿನಲ್ಲಿ ಜಯಸ್ತಂಭ ನೆಟ್ಟ. ಕಾವೇರಿ ಸೀಮೆಯಿಂದ ಇಷ್ಟು ದೂರ ದಂಡು ಕಟ್ಟಿಕೊಂಡು ಬಂದು ಸುಡಬೇಕಾದರೆ, ಸುಟ್ಟದ್ದನ್ನು ಕಲ್ಲಲ್ಲಿ ಕೆತ್ತಿಸಬೇಕಾದರೆ, ಆ ಊರಿಗೆ ಎಷ್ಟು ತೂಕ ಇರಬೇಕು ಅಲ್ವಾ?

ಆಮೇಲೆ ಈ ಸೀಮೆಯ ಅರಸ ಕಂಪಿಲರಾಯನ ಕಾಲ. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್. ಅವನ ಹತ್ತಿರದ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ಅನ್ನುವವನು ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ. ಅವನು ಸುಲ್ತಾನನ ಮೇಲೆ ದಂಗೆ ಎದ್ದು, ಸೋತು, ಓಡಿ ಬಂದು ಕಂಪಿಲರಾಯನ ಆಸರೆ ಕೇಳಿದ. ರಾಯ ಕೊಟ್ಟ. ಬೆನ್ನಟ್ಟಿ ಬಂದ ದೆಹಲಿ ದಂಡಿಗೆ ಅವನನ್ನು ಒಪ್ಪಿಸಲಿಲ್ಲ. ಇದು 1327ರ ಹೊತ್ತಿನ ಮಾತು. ಕೋಟೆಯಲ್ಲಿ ಕಾಳು ಮುಗಿದ ಮೇಲೆ ರಾಯ ಮೊದಲು ಮಾಡಿದ್ದು ಏನು ಗೊತ್ತಾ? ಆಸರೆಗೆ ಬಂದವನನ್ನು ಬೇರೆ ರಾಜನ ಹತ್ತಿರ ಕಳಿಸಿಕೊಟ್ಟ. ಆಮೇಲೆ ಮನೆಯ ಹೆಂಗಸರು ಮೈಗೆ ಗಂಧ ಹಚ್ಚಿಕೊಂಡು ಬೆಂಕಿಗೆ ಹಾರಿದರು. ರಾಯ ಬಾಗಿಲು ತೆಗೆಸಿ ಹೊರಗೆ ಬಂದು ಕಾದಾಡುತ್ತಲೇ ಸತ್ತ. ಮೊರಾಕೋದಿಂದ ಬಂದಿದ್ದ ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ. ಐದನೇ ಕ್ಲಾಸಿನ ಮಕ್ಕಳಿಗೆ ಬೆಂಕಿಯ ಭಾಗ ಬೇಡ ಅನ್ನಿಸಿದರೆ ಬಿಡಿ. ಆದರೆ ಆಸರೆ ಬೇಡಿದವನನ್ನು ಬಿಟ್ಟುಕೊಡಲಿಲ್ಲ ಅನ್ನುವುದನ್ನು ಮಾತ್ರ ಹೇಳಿ. ನನಗೆ ಆ ಮಾತು ಬಂದಾಗಲೆಲ್ಲ ಮೈ ಜುಂ ಅನ್ನುತ್ತದೆ.

ಹಕ್ಕ ಬುಕ್ಕರು ಮೊದಲು ಈ ಕಂಪಿಲರಾಯನ ಭಂಡಾರದ ಕೆಲಸದಲ್ಲಿದ್ದರು, ಊರು ಬಿದ್ದಾಗ ಅವರನ್ನು ದೆಹಲಿಗೆ ಹಿಡಿದುಕೊಂಡು ಹೋದರು ಅನ್ನುವ ಹೇಳಿಕೆಯೂ ಇದೆ. 

ಇದೆಲ್ಲ ನಾನು ಓದಿದ್ದು. ಈಗ ಕಣ್ಣಾರೆ ಕಂಡದ್ದಕ್ಕೆ ಬರುತ್ತೇನೆ.

ನೀವು ತೋರಿಸುವಂಥದ್ದು ಕೇಳಿದಿರಿ. ಮಕ್ಕಳನ್ನು ಕಾಲುವೆಗೆ ಕರೆದುಕೊಂಡು ಹೋಗಿ. ತುಂಗಭದ್ರಾ ಡ್ಯಾಮಿನ ದೊಡ್ಡ ಕಾಲುವೆ ಅಲ್ಲ. ಕಂಪ್ಲಿ ಕಾಲುವೆ. ವಿಜಯನಗರದ ಅರಸರ ಕಾಲದ್ದು. ರಾಯ, ಬಸವ, ಬೆಲ್ಲ, ತುರ್ತು, ರಾಮಸಾಗರ, ಕಂಪ್ಲಿ, ಬೆಳಗೋಡಹಾಳ, ಸಿರುಗುಪ್ಪ, ದೇಶನೂರು ಅಂತ ನಮ್ಮ ದಂಡೆಯಲ್ಲಿ ಒಂದರ ಕೆಳಗೆ ಒಂದು ಇವೆ. ಹಂಪಿಯ ಅರಮನೆಯಲ್ಲಿ ಈಗ ಬರೀ ಪಾಯ ಉಳಿದಿದೆ. ಇಲ್ಲಿ ಅದೇ ಅರಸರು ತೋಡಿಸಿದ ಕಾಲುವೆಯ ನೀರು ಇವತ್ತು ಬೆಳಗ್ಗೆಯೂ ನನ್ನ ಬಾಳೆಗೆ ಹಾಯ್ದಿದೆ. ಟೀಚರ್, ಇದನ್ನು ಸುಮ್ನೆ ಹೆಮ್ಮೆಗೆ ಹೇಳುತ್ತಿಲ್ಲ. ನಮ್ಮ ಮನೆಯ ಊಟವೇ ಅದು.

ನಮ್ಮಪ್ಪ ಕಾಲುವೆ ಮೇಲೆ ಗ್ಯಾಂಗ್‌ಮನ್ ಆಗಿದ್ದರು. ರಜೆಯಲ್ಲಿ ಬುತ್ತಿ ಒಯ್ಯುವುದು ನನ್ನ ಕೆಲಸ. ಒಂದು ಸಲ ಕಾಲುವೆ ಬಂದ್ ಆಗಿದ್ದಾಗ ಅಣೆಕಟ್ಟಿನ ಹತ್ತಿರ ಕರೆದುಕೊಂಡು ಹೋದರು. ಅಣೆಕಟ್ಟು ಅಂದರೆ ಈಗಿನ ಡ್ಯಾಮಿನ ಹಾಗೆ ನೆಟ್ಟಗೆ ಎದ್ದ ಗೋಡೆ ಅಲ್ಲ. ಹೊಳೆಯಲ್ಲಿ ಇರುವ ಬಂಡೆಯಿಂದ ಬಂಡೆಗೆ ದೊಡ್ಡ ದೊಡ್ಡ ಕಲ್ಲು ಜೋಡಿಸಿಕೊಂಡು ಓರೆಯಾಗಿ, ಹಾವು ಹರಿದ ಹಾಗೆ ಹೋಗುತ್ತದೆ. ಹೊಳೆಗೆ ಎದುರು ನಿಲ್ಲುವುದಿಲ್ಲ. ಬೇಕಾದಷ್ಟು ನೀರನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತದೆ, ಮಿಕ್ಕಿದ್ದು ಅದರ ತಲೆಯ ಮೇಲೆ ದಾಟಿ ಹೋಗುತ್ತದೆ. ಅಪ್ಪ ಒಂದು ಕಲ್ಲಿನ ಮೇಲಿನ ಪಾಚಿಯನ್ನು ಹೆಬ್ಬೆರಳಿಂದ ಉಜ್ಜಿ ತೋರಿಸಿದರು. ಅಂಚಿನ ಉದ್ದಕ್ಕೂ ಚೌಕ ಚೌಕದ ಗುಂಡಿ, ಸಾಲಾಗಿ. ಕಲ್ಲು ಸೀಳಲು ಗೂಟ ಹೊಡೆದ ಗುರುತು. ನನ್ನ ಬೆರಳು ಎರಡು ಗೆಣ್ಣು ಒಳಗೆ ಹೋಯಿತು. ಒಳಗೆ ಮರಳು, ತಣ್ಣಗೆ. “ಇದನ್ನ ಹೊಡೆದವನಿಗೂ ನಿನ್ನಂಥ ಮಗ ಬುತ್ತಿ ತಂದಿರ್ತಾನ” ಅಂದರು ಅಪ್ಪ.

ವರ್ಷದಲ್ಲಿ ಹೂಳು ತೆಗೆಯುವ ಸ್ವಲ್ಪ ದಿನ ಬಿಟ್ಟರೆ ಈ ಕಾಲುವೆಗಳಲ್ಲಿ ಹೆಚ್ಚು ಕಮ್ಮಿ ಯಾವಾಗಲೂ ನೀರು ಇರುತ್ತದೆ. ಅದಕ್ಕೇ ಇಲ್ಲಿ ಕಬ್ಬು, ಬಾಳೆ, ಭತ್ತ. ಬಳ್ಳಾರಿ ಕಡೆಯಿಂದ ಬಸ್ಸಿನಲ್ಲಿ ಬರುವಾಗ ನೋಡಿರುತ್ತೀರಿ. ಕರಿ ಹೊಲ, ಜಾಲಿ, ಬಿಸಿಲು. ಆಮೇಲೆ ಒಂದು ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಹಸಿರು, ಕಿಟಕಿಯಲ್ಲಿ ತಂಪು ಗಾಳಿ. ಆ ತಿರುವೇ ಕಂಪ್ಲಿ.

2024ರ ಆಗಸ್ಟ್ 10ರ ರಾತ್ರಿ ನಾನು ಮರೆಯುವುದಿಲ್ಲ. ಶನಿವಾರ. ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು ಅಂತ ಹೊಸಪೇಟೆಯಿಂದ ಫೋನು. ಒಂದು ಗೇಟಿನ ಮೇಲೆ ಭಾರ ಬೀಳಬಾರದು ಅಂತ ಉಳಿದವನ್ನೂ ತೆಗೆದರು. 33 ಗೇಟಿನ ನೀರು. ಊರಿನವರು ಹೊಳೆ ನೋಡಲು ಹೋದರು. ನಾನು ತೋಟಕ್ಕೆ ಹೋಗಿ ಕಾಲುವೆ ದಂಡೆಯ ಮೇಲೆ ಕೂತೆ. ಊರು ಮುಳುಗುವ ಭಯ ಒಂದು ಕಡೆ, ಡ್ಯಾಮು ಬರಿದಾದರೆ ಮುಂದೆ ನೀರೇ ಇಲ್ಲ ಅನ್ನುವ ಭಯ ಇನ್ನೊಂದು ಕಡೆ. ಎರಡೂ ಭಯ ಒಂದೇ ರಾತ್ರಿ ಬಂದದ್ದು ನನಗೆ ಅದೇ ಮೊದಲು. ವಾರದೊಳಗೆ, ಹರಿಯುವ ನೀರಿನಲ್ಲೇ ಅಡ್ಡ ತಡೆ ಇಳಿಸಿ ನಿಲ್ಲಿಸಿದರು. ಆ ಕೆಲಸ ಮಾಡಿದವರ ಕೈಗೆ ನಾನು ಇವತ್ತಿಗೂ ಮುಗಿಯುತ್ತೇನೆ.

ಮಕ್ಕಳು ‘ಸೇತುವೆ ಮುಳುಗುತ್ತದೆ’ ಅಂತ ಬರೆದದ್ದು ತಪ್ಪಲ್ಲ ಟೀಚರ್. ಡ್ಯಾಮಿನಿಂದ ಲಕ್ಷ ಕ್ಯೂಸೆಕ್ ದಾಟಿತು ಅಂದರೆ ನಮ್ಮಲ್ಲಿ ಎಲ್ಲರ ಕಣ್ಣೂ ಸೇತುವೆ ಮೇಲೆ. ಮದುವೆ, ಆಸ್ಪತ್ರೆ, ಸಂತೆ ಎಲ್ಲ ಅದರ ಮೇಲೆ ನಿಂತಿದೆ. ಬಂದ್ ಆದರೆ ಗಂಗಾವತಿಗೆ ಬುಕ್ಕಸಾಗರ, ಕಡೇಬಾಗಿಲು ಸುತ್ತಿ ಹೋಗಬೇಕು. ಸೇತುವೆಯ ಬಗ್ಗೆ ಬರೆಯಲಿ. ಅದರ ಜೊತೆ ಕಾಲುವೆಯನ್ನೂ ಬರೆಯಲಿ.

ಆಚೆ ದಂಡೆ ಬರೆದದ್ದು:

ಅಣ್ಣಾ, ಚೆನ್ನಾಗಿ ಬರೆದಿದ್ದೀರಿ. ಒಂದು ಮಾತು ಸೇರಿಸಲೇಬೇಕು, ಇಲ್ಲಾಂದ್ರೆ ನಮ್ಮ ಗಂಗಾವತಿ ಕಡೆಯವರಿಗೆ ಬೇಜಾರಾಗುತ್ತದೆ. ಕಂಪಿಲರಾಯ ಬರೀ ಕಂಪ್ಲಿಯವನಲ್ಲ. ಅವನ ಗಟ್ಟಿ ಕೋಟೆ ಕುಮ್ಮಟದುರ್ಗ ನಮ್ಮ ದಂಡೆಯಲ್ಲಿದೆ, ಜಬ್ಬಲಗುಡ್ಡದ ಹತ್ತಿರ. ಮಗ ಕುಮಾರರಾಮನ ಕಥೆ ಎರಡೂ ದಂಡೆಗೆ ಸೇರಿದ್ದು. ಮಲತಾಯಿ ರತ್ನಾಜಿ ಆಸೆಪಟ್ಟಳು, ಅವನು ಒಲ್ಲೆ ಅಂದ, ಅವಳು ರಾಯನ ಹತ್ತಿರ ಚಾಡಿ ಹೇಳಿದಳು, ರಾಯ ಮಗನ ತಲೆ ತರಲು ಹೇಳಿದ, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಬೇರೆ ತಲೆ ತೋರಿಸಿದ. ‘ಪರನಾರಿ ಸೋದರ’ ಅಂತ ಬಿರುದು. ನಂಜುಂಡ ಕವಿ 16ನೇ ಶತಮಾನದಲ್ಲಿ ಇದನ್ನು ಸಾಂಗತ್ಯದಲ್ಲಿ ಹಾಡಿದ. ಓದು ಬರಹ ಬಾರದ ನಮ್ಮಜ್ಜಿಗೂ ಇದು ಪೂರ್ತಿ ಗೊತ್ತಿತ್ತು. ಹೇಳುವಾಗ ಬೈಚಪ್ಪನ ಭಾಗ ಬಂದರೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಟೀಚರ್, ನಿಮ್ಮ ಮಕ್ಕಳಿಗೆ ಇನ್ನೊಂದು ಹೇಳಬೇಕು. ಇವತ್ತು ಸೇತುವೆ ದಾಟಿ ಚಿಕ್ಕಜಂತಕಲ್‌ಗೆ ಬಂದರೆ ಬರೀ ಜಿಲ್ಲೆ ಬದಲಾಗುತ್ತದೆ. ನಮ್ಮಜ್ಜನ ಕಾಲದಲ್ಲಿ ದೇಶವೇ ಬದಲಾಗುತ್ತಿತ್ತು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ. ಹೊಳೆಯ ಈಚೆ ದಂಡೆಯನ್ನು ಇಟ್ಟುಕೊಂಡ. ಅವತ್ತಿನಿಂದ ಕಂಪ್ಲಿ ಮದ್ರಾಸಿಗೆ, ಗಂಗಾವತಿ ಹೈದರಾಬಾದಿಗೆ. ಅಲ್ಲಿ ಕಚೇರಿಯಲ್ಲಿ ಇಂಗ್ಲಿಷು, ಇಲ್ಲಿ ಉರ್ದು. ಅಲ್ಲಿ ಕಲದಾರ ರೂಪಾಯಿ, ಇಲ್ಲಿ ಹಾಲಿ ರೂಪಾಯಿ. ಆರು ಕಲದಾರಿಗೆ ಏಳು ಹಾಲಿ. ಅಜ್ಜ ಕಂಪ್ಲಿ ಸಂತೆಗೆ ಎತ್ತು ಮಾರಲು ಹೋಗುವಾಗ ಎರಡು ಚೀಲ ಇಟ್ಟುಕೊಳ್ಳುತ್ತಿದ್ದರಂತೆ, ಅಂಗಿ ಕಿಸೆಯಲ್ಲಿ ಒಂದು, ಸೊಂಟದಲ್ಲಿ ಒಂದು. ವಾಪಸ್ ಬರುವಾಗ ಕರೋಡಗಿರಿ ನಾಕಾದಲ್ಲಿ ಸುಂಕದವರು ಚೀಲ ಬಿಚ್ಚಿಸುತ್ತಿದ್ದರು. ಬೀಗರು ಆಚೆ, ನೆಂಟರು ಈಚೆ, ದೇವರು ಎರಡೂ ಕಡೆ. ಮಧ್ಯೆ ಸುಂಕದವನು.

ನಿಜಾಮನ ಪರ ನಿಂತ ರಜಾಕಾರ ದಂಡಿನವರ ಗಲಾಟೆ ಜೋರಾದಾಗ ನಮ್ಮ ಕಡೆಯ ಎಷ್ಟೋ ಮನೆಯವರು ರಾತ್ರಿ ಹರಿಗೋಲಿನಲ್ಲಿ ಹೊಳೆ ದಾಟಿದರು. ನಮ್ಮ ಅಜ್ಜಿಯೂ ದಾಟಿದವಳೇ. ಸೊಂಟದ ಮೇಲೆ ನಮ್ಮ ದೊಡ್ಡಪ್ಪ, ಆರು ತಿಂಗಳ ಕೂಸು. ಅಳದಿರಲಿ ಅಂತ ಬಾಯಿಗೆ ಬೆಲ್ಲದ ಚೂರು ಇಟ್ಟಿದ್ದಳಂತೆ. ಕಂಪ್ಲಿಯಲ್ಲಿ ಯಾರೋ ಗುರುತಿಲ್ಲದವರು ದನದ ಕೊಟ್ಟಿಗೆ ತೊಳೆದು ಜಾಗ ಕೊಟ್ಟರು. ಎರಡು ತಿಂಗಳು ಇದ್ದರು. ಬಾಡಿಗೆ ಅಂತ ಒಂದು ಬಿಲ್ಲೆ ತಗೊಂಡಿಲ್ಲ. ಮೇಲಿನ ಅಣ್ಣ ಕಂಪಿಲರಾಯ ಆಸರೆ ಕೊಟ್ಟ ಕಥೆ ಬರೆದಾಗ ನನಗೆ ನೆನಪಾದದ್ದು ಆ ಕೊಟ್ಟಿಗೆ.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. ಆದರೂ ಎರಡು ದಂಡೆ ಒಂದಾಗಲಿಲ್ಲ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ನಾವು ಹೈದರಾಬಾದಿನಲ್ಲೇ ಉಳಿದೆವು. 1956ರ ನವೆಂಬರ್ 1ಕ್ಕೆ ಹೊಳೆಯ ಎರಡೂ ಕಡೆ ಒಂದೇ ರಾಜ್ಯ ಆಯಿತು. ಈ ತಾರೀಖುಗಳನ್ನು ಮಕ್ಕಳು ಬಾಯಿಪಾಠ ಮಾಡುವುದು ಬೇಡ. ಮನೆಯಲ್ಲಿ ಹಿರಿಯರನ್ನು “ಹೊಳಿ ದಾಟಿದ್ರಾ?” ಅಂತ ಕೇಳಲಿ, ಸಾಕು.

ಹುಟ್ಟುಗೋಲು ಬರೆದದ್ದು:

ಟೀಚರಿಗೆ ನಮಸ್ಕಾರ. ನಾನು ಕೋಟೆ ಕಡೆಯವನು, ಅಂಬಿಗರ ಮನೆಯವನು. ಈಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ. ಜಾಸ್ತಿ ಓದಿಲ್ಲ, ತಪ್ಪಿದ್ದರೆ ತಿದ್ದಿ.

ಮೇಲಿನವರು ರಾತ್ರಿ ಹರಿಗೋಲು ಅಂದರು. ಅದನ್ನು ನಡೆಸಿದವರು ನಮ್ಮವರು. ನಮ್ಮ ತಾತನೂ ಆ ದಿನಗಳಲ್ಲಿ ಹುಟ್ಟು ಹಾಕಿದ್ದ. ದೀಪ ಹಚ್ಚುವ ಹಾಗಿರಲಿಲ್ಲ. ನೀರಿನ ಸದ್ದು ಕೇಳಿ ಬಂಡೆ ಎಲ್ಲಿದೆ ಅಂತ ಗುರುತು ಹಿಡಿಯುತ್ತಿದ್ದೆ ಅನ್ನುತ್ತಿದ್ದ. ಬಂಡೆ ಹತ್ತಿರ ಹೊಳೆ ಗುಳುಗುಳು ಅನ್ನುತ್ತದೆ, ಮಡುವಿನಲ್ಲಿ ಸುಮ್ಮನಿರುತ್ತದೆ. ಸುಮ್ಮನಿರುವ ನೀರಿಗೇ ಹೆದರಬೇಕು ಅಂತ ನಮಗೆ ಚಿಕ್ಕವರಿದ್ದಾಗ ಕಲಿಸಿದ್ದು.

ಮಕ್ಕಳಿಗೆ ತೋರಿಸಬೇಕು ಅಂದರೆ ಹರಿಗೋಲು ಕಟ್ಟುವುದನ್ನು ತೋರಿಸಿ. ಬಿದಿರು ಸೀಳಿ, ನೆನೆಹಾಕಿ, ನೆಲದ ಮೇಲೆ ಮೊದಲು ತಳ ಹೆಣೆಯುತ್ತಾರೆ, ಚಾಪೆ ಹೆಣೆದ ಹಾಗೆ. ಸುತ್ತ ಕಲ್ಲು ಹೇರಿ ಅಂಚನ್ನು ಮೇಲಕ್ಕೆ ಬಗ್ಗಿಸಬೇಕು. ಬಗ್ಗಿಸುವುದರಲ್ಲೇ ಇರುವುದು ಕೆಲಸ. ಅವಸರ ಮಾಡಿದರೆ ಸಿಬಿರು ಎದ್ದು ಮುರಿಯುತ್ತದೆ. ಅಪ್ಪ ಬಗ್ಗಿಸುವಾಗ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು. ನಾನು ನೋಡಿದ್ದು ಗೊಬ್ಬರದ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಕಾಯಿಸಿದ ಡಾಂಬರು. ಡಾಂಬರು ಕಾಯುವ ವಾಸನೆ ಬೆಂಗಳೂರಿನಲ್ಲಿ ರಸ್ತೆ ಕೆಲಸದ ಹತ್ತಿರ ಬಂದರೆ ನಾನು ಗಾಡಿ ಸ್ಲೋ ಮಾಡುತ್ತೇನೆ. ಮನೆ ನೆನಪಾಗುತ್ತದೆ.

ಸುಮಾರು 1520ರಲ್ಲಿ ಪೋರ್ಚುಗೀಸಿನ ಡೊಮಿಂಗೊ ಪಾಯೆಸ್ ಅನ್ನುವವನು ಬಂದು ಆನೆಗೊಂದಿ ಹತ್ತಿರ ಇದೇ ಹರಿಗೋಲು ನೋಡಿ ಬರೆದಿದ್ದಾನೆ ಅಂತ ಹಂಪಿಯ ಒಬ್ಬ ಗೈಡ್ ನನಗೆ ಹೇಳಿದ. ಬುಟ್ಟಿಯ ಹಾಗೆ ಗುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಸುತ್ತುತ್ತಲೇ ಹೋಗುತ್ತದೆ ಅಂತ. ಕೇಳಿ ನನಗೆ ಗಂಟಲು ಕಟ್ಟಿತು. ರಾಜರ ಬಗ್ಗೆ ಬರೆದವರು ನಮ್ಮ ಬುಟ್ಟಿಯನ್ನೂ ಬರೆದಿದ್ದಾರೆ.

ಪ್ರವಾಹ ಬಂದರೆ ಮೊದಲು ನೀರು ಬರುವುದು ನಮ್ಮ ಕೋಟೆ ಓಣಿಗಳಿಗೆ. 2009ರಲ್ಲಿ ನಾನು ನಿಮ್ಮ ಮಕ್ಕಳ ವಯಸ್ಸಿನವನು. ಅಮ್ಮ ಜೋಳದ ಚೀಲ ಮಾಳಿಗೆ ಹತ್ತಿಸಿದಳು, ನಾನು ಶಾಲೆ ಪುಸ್ತಕ ಹತ್ತಿಸಿದೆ, ಕೋಳಿಗಳನ್ನು ಮರೆತೆವು. ಗಂಜಿ ಕೇಂದ್ರದಲ್ಲಿ ಅನ್ನ ಸಾರು ಚೆನ್ನಾಗಿತ್ತು. ಆದರೆ ಕೋಳಿ ನೆನೆದು ನಾನು ಉಣ್ಣಲಿಲ್ಲ. “ಅಲ್ಲೇ ಯಾಕೆ ಇರ್ತೀರಿ, ಮೇಲೆ ಬನ್ನಿ” ಅಂತ ಎಲ್ಲರೂ ಹೇಳುತ್ತಾರೆ. ಹೊಳೆ ಬಿಟ್ಟರೆ ಮೀನು ಬಲೆ ಎಲ್ಲಿ ಬೀಸುವುದು? ಅಮ್ಮ ಇನ್ನೂ ಅಲ್ಲೇ ಇದ್ದಾಳೆ. ಮಳೆಗಾಲದಲ್ಲಿ ನಾನು ದಿನಾ ಬೆಳಗ್ಗೆ ಮೊದಲು ನೋಡುವುದು ಡ್ಯಾಮಿನ ಹೊರಹರಿವು. ಆಮೇಲೆ ಆರ್ಡರ್.

ಬಾಳೆತೋಟ ಮತ್ತೆ ಬರೆದದ್ದು:

ತಮ್ಮಾ, ನಿನ್ನ ಬರಹದಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಮುಂದಿನ ಸಲ ಊರಿಗೆ ಬಂದಾಗ ತೋಟಕ್ಕೆ ಬಾ. ಸುಗಂಧಿ ಗೊನೆ ಒಂದು ನಿನ್ನ ಅಮ್ಮನಿಗೆ.

ಆಚೆ ದಂಡೆಯವರೇ, ಕುಮ್ಮಟದುರ್ಗದ ಮಾತು ಒಪ್ಪಿದೆ. ಹೊಳೆಯ ಒಂದೇ ದಂಡೆ ಹಿಡಿದು ಬರೆದೆ, ತಪ್ಪಾಯಿತು.

ಟೀಚರ್, ಕಾಲುವೆಗೆ ಮಕ್ಕಳನ್ನು ಕರೆದುಕೊಂಡು ಬರುವ ಹಿಂದಿನ ದಿನ ಹೇಳಿ. ನಾನು ಜೊತೆಗೆ ಇರುತ್ತೇನೆ. ನೀರು ಸೆಳೆತ ಇರುತ್ತದೆ, ಮಕ್ಕಳನ್ನು ದಂಡೆಯ ಅಂಚಿಗೆ ಬಿಡುವುದು ಬೇಡ. ತೂಬಿನ ಹತ್ತಿರ ನೆರಳಿದೆ, ಕೂರಿಸಬಹುದು.

ಹೊಳೆದಂಡೆ ಟೀಚರ್ ಮತ್ತೆ ಬರೆದದ್ದು:

ಎಲ್ಲರಿಗೂ ಕೈ ಮುಗಿದೆ. ಮೂರು ದಿನದಿಂದ ಇದನ್ನೇ ಓದುತ್ತಿದ್ದೇನೆ.

ಮೊನ್ನೆ ಕ್ಲಾಸಿನಲ್ಲಿ ಕಂಪಿಲರಾಯನ ಕಥೆ ಹೇಳಿದೆ. ಬೆಂಕಿಯ ಭಾಗ ಬಿಟ್ಟೆ. ಆಮೇಲೆ “ಹೊಳಿ ದಾಟಿದ್ರಾ ಅಂತ ಮನೆಯಲ್ಲಿ ಕೇಳಿಕೊಂಡು ಬನ್ನಿ” ಅಂದೆ. ನಿನ್ನೆ ಬೆಳಗ್ಗೆ ಗೇಟಿನಲ್ಲೇ ಮಕ್ಕಳು ಮುತ್ತಿಕೊಂಡರು. ಏಳು ಮಕ್ಕಳ ಮನೆಯಲ್ಲಿ ಯಾರೋ ಒಬ್ಬರು ದಾಟಿ ಬಂದವರಂತೆ. ಇನ್ನೊಬ್ಬಳ ಮುತ್ತಜ್ಜಿ ಡ್ಯಾಮ್ ಆದ ಮೇಲೆ ಆಂಧ್ರದಿಂದ ಆಚೆ ದಂಡೆಯ ವಲಸೆ ರೈತರ ಕ್ಯಾಂಪಿಗೆ ಬಂದವಳು, ಮನೆಯಲ್ಲಿ ಇನ್ನೂ ತೆಲುಗು ಮಾತು.

ಪ್ರಶ್ನೆ ಕೇಳಿದ ಹುಡುಗ ಎಲ್ಲರೂ ಒಳಗೆ ಹೋಗುವವರೆಗೆ ಕಾದ. ಆಮೇಲೆ ಚಡ್ಡಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಒಳಗೆ ಒಂದು ನಾಣ್ಯ, ಕಪ್ಪಾಗಿತ್ತು. ಅವನ ಅಜ್ಜಿ ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದಂತೆ. ಹುಣಸೆಹಣ್ಣು ಹಚ್ಚಿ ರಾತ್ರಿ ಉಜ್ಜಿದ್ದಾನೆ. ಒಂದು ಕಡೆ ಅಕ್ಷರ ಉರ್ದುವಿನ ಹಾಗೆ, ನನಗೆ ಓದಲು ಬರಲಿಲ್ಲ. ಇನ್ನೊಂದು ಕಡೆ ತಿರುಗಿಸಿದರೆ ಚಾರ್ಮಿನಾರ್, ನಾಲ್ಕು ಮಿನಾರೂ ಸ್ಪಷ್ಟವಾಗಿ. “ಇದು ಹಾಲಿನಾ ಕಲದಾರಾ ಟೀಚರ್?” ಅಂದ. ಹಾಲಿ ಅಂದೆ. ಅವನು ಅದನ್ನು ಮತ್ತೆ ಮಡಚಿ ಇಟ್ಟುಕೊಂಡ.

ಬಾಳೆತೋಟದ ಅಣ್ಣಾವ್ರೇ, ಬರುವ ಶನಿವಾರ ಬೆಳಗಿನ ಶಾಲೆ, ಹತ್ತೂವರೆಗೆ ಬಿಡುತ್ತದೆ. ಹೆಡ್‌ಮೇಷ್ಟ್ರು ಒಪ್ಪಿದ್ದಾರೆ. ತೂಬಿನ ಹತ್ತಿರ ಬರುತ್ತೇವೆ, ಮೂವತ್ತೆರಡು ಮಕ್ಕಳು. ಹುಟ್ಟುಗೋಲು ತಮ್ಮಾ, ನಿಮ್ಮ ಓಣಿಯಲ್ಲಿ ಈಗ ಹರಿಗೋಲು ಕಟ್ಟುವವರು ಯಾರು? ಅಪ್ಪ ಈಗಲೂ ಕಟ್ಟುತ್ತಾರಾ? ಬಿದಿರು ಬಗ್ಗಿಸುವ ದಿನ ಹೇಳಿದರೆ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ. ಮಾತಾಡದೆ ಕೂರಬೇಕು ಅಂತ ಮೊದಲೇ ಹೇಳಿರುತ್ತೇನೆ.